ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯಲು ಮೊದಲ ಪುಸ್ತಕ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಪೈಥಾನ್‌ನಲ್ಲಿ ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿಗಳಷ್ಟು ಕೈಗೆ ಹತ್ತಿದೆ, ಇನ್ನು ಟರ್ಮಿನಲ್ ಬಿಟ್ಟು ಬಟನ್, ಮೆನು, ಟೇಬಲ್ ಇರುವ (ಜಿಯುಐ) ಅಪ್ಲಿಕೇಶನ್ ಬರೆಯಬೇಕು ಎನ್ನುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡೋಣ. ಪೈಥಾನ್ ಜೊತೆಗೇ ಬರುವ ಜಿಯುಐ ಲೈಬ್ರರಿ ಟಿಕಿಂಟರ್ ಕಲಿಯುವುದಾದರೆ ಅಲನ್ ಡಿ. ಮೂರ್ ಅವರ ‘ಪೈಥಾನ್ ಜಿಯುಐ ಪ್ರೋಗ್ರಾಮಿಂಗ್ ವಿತ್ ಟಿಕಿಂಟರ್’, ಅದೂ 2021ರ ಎರಡನೇ ಆವೃತ್ತಿ. ಅದೇ ಕೆಲಸಕ್ಕಿರುವ, ಬೇರೆಯಾಗಿ ಹಾಕಿಕೊಳ್ಳಬೇಕಾದ ಕ್ಯೂಟಿ ಕಲಿಯುವುದಾದರೆ ಮಾರ್ಟಿನ್ ಫಿಟ್ಜ್‌ಪ್ಯಾಟ್ರಿಕ್ ಅವರ ‘ಕ್ರಿಯೇಟ್ ಜಿಯುಐ ಅಪ್ಲಿಕೇಶನ್ಸ್ ವಿತ್ ಪೈಥಾನ್ ಅಂಡ್ ಕ್ಯೂಟಿ6’, ಅದರಲ್ಲಿ ಪೈಸೈಡ್6 (ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಬೇಕಾದ ಬೈಂಡಿಂಗ್) ಆವೃತ್ತಿ. ಎರಡರಲ್ಲೂ ಕೊರತೆಗಳಿವೆ, ಅವನ್ನು ಮುಂದೆ ನೋಡೋಣ. ಕನ್ನಡದಲ್ಲಿ ಫಾರ್ಮ್, ಬಿಲ್, ವರದಿ ತೋರಿಸುವ ಅಪ್ಲಿಕೇಶನ್ ಬರೆಯುವ ಉದ್ದೇಶ ಇದ್ದರಂತೂ ನೇರವಾಗಿ ಎರಡನೆಯದಕ್ಕೇ ಹೋಗುವುದು ಒಳ್ಳೆಯದು. ಅದಕ್ಕೆ ಗಟ್ಟಿ ಕಾರಣವಿದೆ.

ಈ ವಿಷಯದ ಪುಸ್ತಕಗಳಲ್ಲಿ ಬಹುಪಾಲು ವಿಜೆಟ್‌ಗಳ ಪಟ್ಟಿಗಳು. ಒಂದು ಅಧ್ಯಾಯ ಲೇಬಲ್, ಇನ್ನೊಂದು ಬಟನ್, ಮತ್ತೊಂದು ಚೆಕ್‌ಬಾಕ್ಸ್, ಹೀಗೆ ಇಪ್ಪತ್ತು ಅಧ್ಯಾಯ. ವಿಜೆಟ್‌ಗೆ ಯಾವ ಆಯ್ಕೆಗಳಿವೆ ಎಂಬುದನ್ನು ಅಧಿಕೃತ ಡಾಕ್ಯುಮೆಂಟೇಶನ್ ಇದಕ್ಕಿಂತ ಚೆನ್ನಾಗಿ, ಬಿಟ್ಟಿಯಾಗಿ, ಹೊಸ ಆವೃತ್ತಿಗೆ ತಕ್ಕಂತೆ ಹೇಳುತ್ತದೆ. ಹೊಸಬರು ಮುಗ್ಗರಿಸುವುದು ವಿಜೆಟ್‌ನಲ್ಲಿ ಅಲ್ಲವೇ ಅಲ್ಲ. ಟರ್ಮಿನಲ್ ಪ್ರೋಗ್ರಾಂನಲ್ಲಿ ನಮ್ಮ ಕೋಡ್ ಮೇಲಿಂದ ಕೆಳಗೆ ಓಡುತ್ತದೆ, ಇನ್‌ಪುಟ್ ಬೇಕಾದಾಗ ನಿಂತು ಕೇಳುತ್ತದೆ. ಜಿಯುಐನಲ್ಲಿ ಇದು ತಲೆಕೆಳಗಾಗುತ್ತದೆ. ಟಿಕಿಂಟರ್‌ನಲ್ಲಿ ಮೇನ್‌ಲೂಪ್, ಕ್ಯೂಟಿಯಲ್ಲಿ ಆ್ಯಪ್.ಎಕ್ಸೆಕ್ ಎಂಬ ಸಾಲು ಬಂದ ಮೇಲೆ ಹಿಡಿತ ನಮ್ಮ ಕೈಯಲ್ಲಿರುವುದಿಲ್ಲ. ಮೌಸ್ ಕ್ಲಿಕ್, ಕೀ ಒತ್ತುವುದು, ವಿಂಡೋ ಮತ್ತೆ ಬಿಡಿಸಬೇಕಾದದ್ದು, ಎಲ್ಲವೂ ಒಂದು ಸರದಿಯಲ್ಲಿ ನಿಲ್ಲುತ್ತವೆ. ಟೂಲ್‌ಕಿಟ್ (ಟಿಕಿಂಟರ್ ಅಥವಾ ಕ್ಯೂಟಿ) ಒಂದೊಂದನ್ನೇ ತೆಗೆದು ನಾವು ಬರೆದ ಫಂಕ್ಷನ್‌ಗಳನ್ನು ಕರೆಯುತ್ತದೆ. ಪುಸ್ತಕ ಕೈಗೆತ್ತಿಕೊಂಡಾಗ ಮೊದಲ ಐವತ್ತು ಪುಟಗಳಲ್ಲಿ ಈ ಈವೆಂಟ್ ಲೂಪ್ ಬಗ್ಗೆ ಕನಿಷ್ಠ ಒಂದು ಪುಟದ ವಿವರಣೆ ಇದೆಯೇ ನೋಡಿ. ‘ಈ ಸಾಲನ್ನು ಕೊನೆಯಲ್ಲಿ ಬರೆಯಿರಿ’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದರೆ ಆ ಪುಸ್ತಕವನ್ನು ಅಲ್ಲೇ ಇಡಬಹುದು.

ಅದು ಅಷ್ಟು ಮುಖ್ಯ ಏಕೆ ಎಂದರೆ, ಮುಂದೆ ಬರುವ ತೊಂದರೆಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟುತ್ತವೆ. ಬಟನ್ ಒತ್ತಿದಾಗ ಓಡುವ ಫಂಕ್ಷನ್‌ನಲ್ಲಿ ಟೈಮ್.ಸ್ಲೀಪ್(5) ಎಂದು ಬರೆದು ನೋಡಿ. ಐದು ಸೆಕೆಂಡು ವಿಂಡೋ ಮರಗಟ್ಟುತ್ತದೆ. ಎಳೆದರೆ ಅಲುಗದು, ಮುಚ್ಚಿದರೆ ಮುಚ್ಚದು, ಇನ್ನೂ ಹೆಚ್ಚು ಹೊತ್ತಾದರೆ ವಿಂಡೋಸ್ ಅದರ ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರೆಯುತ್ತದೆ. ದೊಡ್ಡ ಫೈಲ್ ಓದಿದರೂ, ನೆಟ್‌ವರ್ಕ್‌ನಿಂದ ಡೇಟಾ ತಂದರೂ ಇದೇ ಗತಿ. ಪರದೆಯನ್ನು ಬಿಡಿಸುವ ಕೆಲಸವೂ ನಿಮ್ಮ ಫಂಕ್ಷನ್ ಓಡುವ ಕೆಲಸವೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದರ ಹಿಂದೊಂದರಂತೆ ಕೋಡ್ ಓಡುವ ಒಂದೇ ದಾರಿಯಲ್ಲಿ, ನಡೆಯುವುದರಿಂದ, ಫಂಕ್ಷನ್ ಹಿಂತಿರುಗುವವರೆಗೆ ಸರದಿ ಮುಂದೆ ಸಾಗುವುದಿಲ್ಲ. ‘ದಯವಿಟ್ಟು ಕಾಯಿರಿ’ ಎಂದು ಲೇಬಲ್ ಬದಲಾಯಿಸಿ ಮುಂದಿನ ಸಾಲಿನಲ್ಲೇ ಭಾರದ ಕೆಲಸ ಶುರುಮಾಡಿದರೆ ಆ ಲೇಬಲ್ ಕಾಣಿಸುವುದು ಕೆಲಸ ಮುಗಿದ ಮೇಲೆ! ಇದನ್ನು ಬಾಯಲ್ಲಿ ಹೇಳಿ ಬಿಡದೆ, ಓದುಗರ ಕೈಯಲ್ಲೇ ಕೆಡಿಸಿ ತೋರಿಸಿ ಆಮೇಲೆ ಸರಿಪಡಿಸುವ ಪುಸ್ತಕ ಬೇಕು.

ಫಿಟ್ಜ್‌ಪ್ಯಾಟ್ರಿಕ್ ಅವರ ಪುಸ್ತಕ ಗೆಲ್ಲುವುದು ಇಲ್ಲಿ. ಥ್ರೆಡ್ ವಿಷಯಕ್ಕೆ ಅವರು ಕೊಡುವ ಉದಾಹರಣೆಯಲ್ಲಿ ಒಂದು ಲೇಬಲ್ ಸೆಕೆಂಡಿಗೊಮ್ಮೆ ಎಣಿಸುತ್ತಿರುತ್ತದೆ, ಅದರ ಕೆಳಗೆ ‘ಡೇಂಜರ್!’ ಎಂಬ ಬಟನ್. ಒತ್ತಿದರೆ ಐದು ಸೆಕೆಂಡಿನ ಸ್ಲೀಪ್, ಎಣಿಕೆ ನಿಂತೇಹೋಗುತ್ತದೆ. ಆಮೇಲೆ ಅದೇ ಕೆಲಸವನ್ನು ಕ್ಯೂರನ್ನಬಲ್ ಒಳಗೆ ಹಾಕಿ ಕ್ಯೂಥ್ರೆಡ್‌ಪೂಲ್‌ಗೆ ಕೊಟ್ಟು ಬೇರೆ ಥ್ರೆಡ್‌ನಲ್ಲಿ ಓಡಿಸಿದಾಗ ಎಣಿಕೆ ನಿಲ್ಲದೆ ನಡೆಯುತ್ತದೆ. ಮೂರನೇ ಹಂತದಲ್ಲಿ ಫಲಿತಾಂಶ, ಪ್ರಗತಿ, ದೋಷ ಇವನ್ನು ಸಿಗ್ನಲ್ (ಏನೋ ನಡೆಯಿತೆಂದು ಕ್ಯೂಟಿ ಹೊರಡಿಸುವ ಸೂಚನೆ) ಮೂಲಕ ಮುಖ್ಯ ಥ್ರೆಡ್‌ಗೆ ಕಳಿಸುವ ವರ್ಕರ್ ಕ್ಲಾಸ್ ಕಟ್ಟುತ್ತಾರೆ. ಆ ಕ್ಲಾಸನ್ನು ಹಾಗೇ ಎತ್ತಿ ನಿಮ್ಮ ಪ್ರಾಜೆಕ್ಟ್‌ಗೆ ಹಾಕಿಕೊಳ್ಳಬಹುದು, ಅಷ್ಟು ಅಚ್ಚುಕಟ್ಟು. ಇಲ್ಲಿ ಗಟ್ಟಿಮಾಡಿಕೊಳ್ಳಬೇಕಾದ ನಿಯಮ ಒಂದೇ: ವರ್ಕರ್ ಥ್ರೆಡ್‌ನಿಂದ ವಿಜೆಟ್ ಮುಟ್ಟಬಾರದು. ಲೇಬಲ್‌ನ ಸೆಟ್‌ಟೆಕ್ಸ್ಟ್ ಅನ್ನು ಅಲ್ಲಿಂದ ನೇರ ಕರೆದರೆ ಹತ್ತು ಸಲ ಸರಿಯಾಗಿ ನಡೆದು ಹನ್ನೊಂದನೇ ಸಲ ಅಪ್ಲಿಕೇಶನ್ ಏನನ್ನೂ ಹೇಳದೆ ಬಿದ್ದುಹೋಗಬಹುದು. ಇಂಥ ದೋಷವನ್ನು ಹುಡುಕುವುದು ಹೊಸಬರಿಗೆ ನರಕಯಾತನೆ.

ಪುಸ್ತಕದ ಆರಂಭವೂ ಇದೇ ಹದದಲ್ಲಿದೆ. ವಿಂಡೋ ಸೃಷ್ಟಿಯಾದ ಮೇಲೆ ಶೋ ಎಂದು ಏಕೆ ಕರೆಯಬೇಕು, ಕ್ಯೂಅಪ್ಲಿಕೇಶನ್ ಒಂದೇ ಏಕೆ ಇರಬೇಕು ಎಂಬುದನ್ನು ಹೇಳಿಯೇ ಮುಂದೆ ಹೋಗುತ್ತಾರೆ. ಎರಡನೇ ವಿಂಡೋ ತೆರೆಯುವ ಭಾಗದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮೊದಲು ತೋರಿಸುತ್ತಾರೆ. ಫಂಕ್ಷನ್ ಒಳಗಿನ ಸ್ಥಳೀಯ ವೇರಿಯಬಲ್‌ನಲ್ಲಿ ಹೊಸ ವಿಂಡೋ ಇಟ್ಟುಕೊಂಡರೆ ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಕಸವೆಂದು ಬಿಸಾಡುತ್ತದೆ, ವಿಂಡೋ ಮಿಂಚಿ ಮಾಯವಾಗುತ್ತದೆ. ಸೆಲ್ಫ್ ಮೇಲೆ ಇಟ್ಟುಕೊಂಡರೆ ಉಳಿಯುತ್ತದೆ. ಲೇಔಟ್, ಟೂಲ್‌ಬಾರ್, ಡೈಲಾಗ್, ಮಾಡೆಲ್-ವ್ಯೂ (ಡೇಟಾವನ್ನೂ ಅದನ್ನು ತೋರಿಸುವ ಭಾಗವನ್ನೂ ಬೇರೆ ಇಡುವುದು), ಡೇಟಾಬೇಸ್, ನಮ್ಮದೇ ವಿಜೆಟ್ ಬಿಡಿಸುವುದು, ಗ್ರಾಫ್, ಕೊನೆಗೆ ಪೈಇನ್‌ಸ್ಟಾಲರ್‌ನಿಂದ ಪ್ಯಾಕ್ ಮಾಡುವುದು, ಇಷ್ಟೂ ಒಂದೇ ಕಡೆ ಸಿಗುವುದು ಅಪರೂಪ.

ಕೊರತೆಗಳು ಎರಡು. ಒಂದು, ಉದಾಹರಣೆಗಳೆಲ್ಲ ಬಿಡಿಬಿಡಿ. ಬಹುಪಾಲು ಒಂದೇ ಫೈಲ್‌ನ ಚಿಕ್ಕ ಸ್ಕ್ರಿಪ್ಟ್‌ಗಳು. ಪುಸ್ತಕ ಮುಗಿಸಿದವರಿಗೆ ಕ್ಯೂಟಿ ಬರುತ್ತದೆ, ಆದರೆ ಎರಡು ಸಾವಿರ ಸಾಲಿನ ಅಪ್ಲಿಕೇಶನ್ನನ್ನು ಎಷ್ಟು ಫೈಲ್‌ಗಳಾಗಿ ಒಡೆಯಬೇಕು, ಡೇಟಾ ಎಲ್ಲಿ ಇರಬೇಕು ಎಂಬುದು ಬರುವುದಿಲ್ಲ. ಎರಡು, ಮಾಡೆಲ್-ವ್ಯೂ ಭಾಗದ ಟುಡೂ ಉದಾಹರಣೆಯಲ್ಲಿ ಹೊಸ ಸಾಲು ಸೇರಿಸಿದ ಮೇಲೆ ಲೇಔಟ್‌ಚೇಂಜ್ಡ್ ಸಿಗ್ನಲ್ ಹೊರಡಿಸಿ ಮುಗಿಸುತ್ತಾರೆ. ಪಟ್ಟಿ ಚಿಕ್ಕದಿದ್ದಾಗ ಕೆಲಸ ನಡೆಯುತ್ತದೆ. ಆದರೆ ಸಾಲು ಸೇರಿಸುವಾಗ ಮೊದಲು ಬಿಗಿನ್‌ಇನ್ಸರ್ಟ್‌ರೋಸ್, ಆಮೇಲೆ ಎಂಡ್‌ಇನ್ಸರ್ಟ್‌ರೋಸ್ ಕರೆಯುವುದು ಕ್ಯೂಟಿಯ ಸರಿಯಾದ ಕ್ರಮ. ಹಾಗೆ ಮಾಡಿದರೆ ಮಾತ್ರ ಎಲ್ಲಿ ಎಷ್ಟು ಸಾಲು ಸೇರಿತು ಎಂಬುದು ವ್ಯೂಗೆ ತಿಳಿಯುತ್ತದೆ, ಆಯ್ಕೆಯಾಗಿದ್ದ ಸಾಲು ಆಯ್ಕೆಯಲ್ಲೇ ಉಳಿಯುತ್ತದೆ, ವಿಂಗಡಣೆಯ ಪ್ರಾಕ್ಸಿ ಮಾಡೆಲ್ ಮಧ್ಯೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಆ ಅಧ್ಯಾಯ ಓದುವಾಗ ಈ ತಿದ್ದುಪಡಿಯನ್ನು ಅಂಚಿನಲ್ಲೇ ಬರೆದುಕೊಳ್ಳಿ.

ಆವೃತ್ತಿ ಆರಿಸುವಾಗ ಜಾಗ್ರತೆ ಬೇಕು. ಇದೇ ಲೇಖಕರ ಪುಸ್ತಕಕ್ಕೆ ಪೈಕ್ಯೂಟಿ5, ಪೈಸೈಡ್2, ಪೈಕ್ಯೂಟಿ6, ಪೈಸೈಡ್6 ಎಂದು ಬೇರೆ ಬೇರೆ ಆವೃತ್ತಿಗಳಿವೆ, ಮುಖಪುಟಗಳು ಒಂದಕ್ಕೊಂದು ಹೋಲುತ್ತವೆ. ಪೈಸೈಡ್6 ಸೂಚಿಸಲು ಕಾರಣ ಪರವಾನಗಿ. ಪೈಕ್ಯೂಟಿಯನ್ನು ರಿವರ್‌ಬ್ಯಾಂಕ್ ಕಂಪ್ಯೂಟಿಂಗ್ ಜಿಪಿಎಲ್ ಅಡಿಯಲ್ಲಿ ಕೊಡುತ್ತದೆ. ಸೋರ್ಸ್ ಕೋಡ್ ಕೊಡದೆ ಅಪ್ಲಿಕೇಶನ್ ಮಾರಬೇಕೆಂದರೆ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಪೈಸೈಡ್ ಕ್ಯೂಟಿ ಕಂಪನಿಯದೇ ಅಧಿಕೃತ ಬೈಂಡಿಂಗ್, ಎಲ್‌ಜಿಪಿಎಲ್ ಅಡಿಯಲ್ಲಿ ಸಿಗುತ್ತದೆ, ಅಷ್ಟು ಕಟ್ಟು ಇಲ್ಲ. ಕೋಡ್ ಮಟ್ಟದಲ್ಲಿ ಎರಡಕ್ಕೂ ವ್ಯತ್ಯಾಸ ಅಲ್ಪ. ಅಂಗಡಿಗೋ ಸೊಸೈಟಿಗೋ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಮಾರುವ ಯೋಚನೆ ಇದ್ದವರು ಇದನ್ನು ಮೊದಲ ದಿನವೇ ನಿರ್ಧರಿಸಿದರೆ ಆಮೇಲೆ ಪರದಾಟವಿಲ್ಲ. ಇನ್‌ಸ್ಟಾಲ್ ಮಾಡುವಾಗ ಪಿಪ್‌ನಿಂದ ಪೈಸೈಡ್6-ಎಸೆನ್ಷಿಯಲ್ಸ್ ಪ್ಯಾಕೇಜ್ ಸಾಕು, ಪೂರ್ಣ ಪೈಸೈಡ್6 ತುಂಬ ದೊಡ್ಡದು. ಉಬುಂಟುವಿನಲ್ಲಿ ‘ಎಕ್ಸ್‌ಸಿಬಿ ಪ್ಲಗಿನ್ ಲೋಡ್ ಆಗಲಿಲ್ಲ’ ಎಂಬ ದೋಷ ಬಂದರೆ ಗಾಬರಿ ಬೇಡ. ಕ್ಯೂಟಿ 6.5ರಿಂದ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಪ್ಯಾಕೇಜ್ ಬೇಕಾಗುತ್ತದೆ, ಅದನ್ನು ಆ್ಯಪ್ಟ್‌ನಿಂದ ಹಾಕಿಕೊಂಡರೆ ಸರಿಹೋಗುತ್ತದೆ.

ಮೂರ್ ಅವರ ಪುಸ್ತಕದ ಗುಣ ಇದಕ್ಕೆ ಸರಿಯಾಗಿ ಎದುರು ದಿಕ್ಕಿನದು. ಮೊದಲಿಂದ ಕೊನೆಯವರೆಗೆ ಒಂದೇ ಅಪ್ಲಿಕೇಶನ್. ಕೃಷಿ ಪ್ರಯೋಗಾಲಯವೊಂದರ ಸಿಬ್ಬಂದಿ ಪ್ಲಾಟ್‌ಗಳ ತೇವಾಂಶ, ಬೆಳಕು, ಉಷ್ಣತೆ, ಗಿಡಗಳ ಎತ್ತರ ಇವನ್ನು ದಾಖಲಿಸುವ ಡೇಟಾ ಎಂಟ್ರಿ ಫಾರ್ಮ್. ಮೊದಲು ಎಲ್ಲವನ್ನೂ ಸಿಎಸ್‌ವಿ ಫೈಲ್‌ಗೆ ಬರೆಯುತ್ತದೆ. ಆಮೇಲೆ ಕೋಡನ್ನು ಕ್ಲಾಸ್‌ಗಳಾಗಿ, ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಬೇರೆ ಫೈಲ್‌ಗಳಾಗಿ ಒಡೆಯುತ್ತಾರೆ, ಮೆನು ಸೇರಿಸುತ್ತಾರೆ, ಯುನಿಟ್ ಟೆಸ್ಟ್ ಬರೆಯುತ್ತಾರೆ, ಸಿಎಸ್‌ವಿ ಜಾಗಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ತರುತ್ತಾರೆ. ಇದರಲ್ಲಿ ನಿಜ ಕೆಲಸದ ವಾಸನೆಯಿದೆ. ‘ಉಪಕರಣ ಕೆಟ್ಟಿದೆ’ ಎಂಬ ಚೆಕ್‌ಬಾಕ್ಸ್ ಗುರುತಿಸಿದರೆ ತೇವಾಂಶ, ಬೆಳಕು, ಉಷ್ಣತೆಯ ಮೂರೂ ಖಾನೆಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು ಎಂಬ ನಿಯಮ ಆ ಫಾರ್ಮ್‌ನಲ್ಲಿದೆ. ಇಂಥ ಬೇಡಿಕೆಯೇ ಯಾವ ಕಚೇರಿಯಲ್ಲೂ ಬರುವುದು. ಕ್ಯಾಲ್ಕುಲೇಟರ್ ಬರೆದವರಿಗೆ ಇದು ಎದುರಾಗುವುದೇ ಇಲ್ಲ.

ಇನ್‌ಪುಟ್ ವ್ಯಾಲಿಡೇಶನ್ ಬಗ್ಗೆ ಈ ಪುಸ್ತಕದಷ್ಟು ತಾಳ್ಮೆಯಿಂದ ಬರೆದದ್ದು ಟಿಕಿಂಟರ್ ಪುಸ್ತಕಗಳಲ್ಲಿ ಕಡಿಮೆ. ಟಿಕಿಂಟರ್‌ನ ಎಂಟ್ರಿ ವಿಜೆಟ್‌ಗೆ ವ್ಯಾಲಿಡೇಟ್‌ಕಮಾಂಡ್ ಎಂಬ ಆಯ್ಕೆ ಇದೆ. ಅದಕ್ಕೆ ಕೊಡುವ ಫಂಕ್ಷನ್ನನ್ನು ಮೊದಲು ರಿಜಿಸ್ಟರ್ ಮಾಡಿಸಬೇಕು, ಯಾವ ಮೌಲ್ಯಗಳು ಬೇಕೆಂದು ಶೇಕಡಾ ಚಿಹ್ನೆಯ ಸಂಕೇತಗಳಲ್ಲಿ ಹೇಳಬೇಕು, ಫಂಕ್ಷನ್ ಪ್ರತಿ ಸಲವೂ ಟ್ರೂ ಅಥವಾ ಫಾಲ್ಸ್ ಹಿಂತಿರುಗಿಸಲೇಬೇಕು. ಒಂದು ದಾರಿಯಲ್ಲಿ ರಿಟರ್ನ್ ಬರೆಯುವುದು ಮರೆತು ನನ್ (None) ಹೋಯಿತೆಂದರೆ ಟಿಕಿಂಟರ್‌ನ ಒಳಗಿರುವ ಟಿಕೆ ಲೈಬ್ರರಿ ಆ ವಿಜೆಟ್‌ನ ವ್ಯಾಲಿಡೇಶನ್ನನ್ನೇ ಆರಿಸಿಬಿಡುತ್ತದೆ. ಮೊದಲ ಅಕ್ಷರಕ್ಕೆ ತಪಾಸಣೆ ನಡೆದು ಎರಡನೆಯದರಿಂದ ಏನು ಬೇಕಾದರೂ ಒಳಗೆ ಬರುತ್ತಿದೆ ಎಂದಾದರೆ ಕಾರಣ ಬಹುತೇಕ ಇದೇ.

ಆದರೆ ಈ ಪುಸ್ತಕ ಕಠಿಣ. ವ್ಯಾಲಿಡೇಶನ್‌ಗಾಗಿ ಒಂದು ಮಿಕ್ಸಿನ್ ಕ್ಲಾಸ್ ಕಟ್ಟಿ ಅದನ್ನು ಎಂಟ್ರಿ, ಕಾಂಬೊಬಾಕ್ಸ್, ಸ್ಪಿನ್‌ಬಾಕ್ಸ್‌ಗಳೊಡನೆ ಬೆರೆಸುತ್ತಾರೆ. ಮಲ್ಟಿಪಲ್ ಇನ್ಹೆರಿಟೆನ್ಸ್ ಎಂದರೇನು, ಸೂಪರ್ ಯಾವ ಕ್ರಮದಲ್ಲಿ ಕರೆಯುತ್ತದೆ ಎಂದು ಗೊತ್ತಿಲ್ಲದವರು ಅಲ್ಲೇ ಪುಸ್ತಕ ಮುಚ್ಚಿಡುವ ಸಂಭವ ಹೆಚ್ಚು. ಕ್ಲಾಸ್ ಬರೆಯಲು ಬಾರದವರು ಇದನ್ನು ಮೊದಲು ಹಿಡಿಯಬಾರದು. ಎರಡನೇ ಆವೃತ್ತಿಯಲ್ಲಿ ಕ್ಲಾಸ್‌ಗಳಿಗೇ ಒಂದು ಅಧ್ಯಾಯ ಸೇರಿಸಿದ್ದಾರೆ, 2018ರ ಮೊದಲ ಆವೃತ್ತಿಗಿಂತ ಇದು ಮೇಲಾಗಲು ಅದೇ ಮುಖ್ಯ ಕಾರಣ. ಕೋಡ್ ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಯುವುದರಿಂದ ಮಧ್ಯದ ಒಂದು ಅಧ್ಯಾಯ ಬಿಟ್ಟರೆ ಮುಂದಿನದು ಓಡುವುದಿಲ್ಲ. ಪ್ರತಿ ಅಧ್ಯಾಯ ಮುಗಿದಾಗ ಗಿಟ್‌ನಲ್ಲಿ (ಕೋಡ್‌ನ ಪ್ರತಿ ಹಂತವನ್ನು ಕಾಪಿಡುವ ಸಾಧನ) ಕಮಿಟ್ ಮಾಡಿ ಮುಂದುವರಿಯುವುದೇ ಇದಕ್ಕೆ ಮದ್ದು.

ಟಿಕಿಂಟರ್‌ನ ರುಚಿಯಷ್ಟೇ ನೋಡಬೇಕು, ವಾರಾಂತ್ಯದಲ್ಲಿ ಒಂದು ಚಿಕ್ಕ ಸಾಧನ ಬರೆಯಬೇಕು ಎನ್ನುವವರಿಗೆ ಮೂರ್ ಬೇಕಿಲ್ಲ. ಮಾರ್ಕ್ ರೋಸ್‌ಮನ್ ಅವರ ‘ಮಾಡರ್ನ್ ಟಿಕಿಂಟರ್’ ತೆಳು ಪುಸ್ತಕ. ಅದರ ಹೂರಣವೆಲ್ಲ ಅವರದೇ ಟಿಕೆಡಾಕ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಡಿಯನ್ನು ಮೀಟರ್‌ಗೆ ಬದಲಿಸುವ ಒಂದು ಪುಟ್ಟ ವಿಂಡೋದಿಂದ ಶುರುಮಾಡಿ ಟಿಟಿಕೆ (ಟಿಕಿಂಟರ್‌ನಲ್ಲೇ ಇರುವ ಹೊಸ ರೂಪದ) ವಿಜೆಟ್‌ಗಳನ್ನೇ ಬಳಸಲು ಕಲಿಸುತ್ತಾರೆ. ಹಳೆಯ ಟಿಕಿಂಟರ್ ಪುಸ್ತಕಗಳ ಉದಾಹರಣೆ ಓಡಿಸಿದಾಗ ತೊಂಬತ್ತರ ದಶಕದ ಬೂದು ಬಟನ್ ಬರುವುದು ಟಿಟಿಕೆ ಬಳಸದ್ದರಿಂದ. ವಿಜೆಟ್‌ಗಳನ್ನು ರೋ, ಕಾಲಂಗಳಲ್ಲಿ ಕೂರಿಸುವ ಗ್ರಿಡ್‌ನ ವಿವರಣೆಯೂ ಇದರಲ್ಲಿ ಸ್ಪಷ್ಟ. ವಿಂಡೋ ಹಿಗ್ಗಿಸಿದರೂ ಟೆಕ್ಸ್ಟ್ ಬಾಕ್ಸ್ ಹಿಗ್ಗುತ್ತಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ವಿಜೆಟ್‌ಗೆ ಸ್ಟಿಕಿ ಕೊಟ್ಟರೆ ಸಾಲದು, ಅದು ಕೂತಿರುವ ಕಾಲಂ ಮತ್ತು ರೋಗೆ ಕಾಲಂಕಾನ್ಫಿಗರ್, ರೋಕಾನ್ಫಿಗರ್ ಮೂಲಕ ವೇಟ್ 1 ಎಂದೂ ಕೊಡಬೇಕು. ಎರಡರಲ್ಲಿ ಒಂದು ಬಿಟ್ಟರೂ ಹಿಗ್ಗದು.

ಲೇಔಟ್ ವಿಷಯದಲ್ಲೇ ಜೋಶುವಾ ವಿಲ್ಮನ್ ಅವರ ‘ಬಿಗಿನಿಂಗ್ ಪೈಕ್ಯೂಟಿ’ ಹಿಂದೆ ಬೀಳುತ್ತದೆ. 2022ರ ಎರಡನೇ ಆವೃತ್ತಿ ಪೈಕ್ಯೂಟಿ6ಕ್ಕೆ ತಕ್ಕಂತಿದೆ, ಭಾಷೆ ಸರಳ, ಅಧ್ಯಾಯಕ್ಕೊಂದು ಪುಟ್ಟ ಪ್ರಾಜೆಕ್ಟ್ ಇದೆ, ಹುಮ್ಮಸ್ಸು ಬತ್ತದಂತೆ ಓದಿಸಿಕೊಳ್ಳುತ್ತದೆ. ಆದರೆ ಮೊದಲ ಅಧ್ಯಾಯಗಳಲ್ಲಿ ವಿಜೆಟ್‌ಗಳನ್ನು ಮೂವ್ ಎಂದು ಪಿಕ್ಸೆಲ್ ಲೆಕ್ಕದಲ್ಲಿ ಜಾಗಕ್ಕೆ ಕೂರಿಸುತ್ತಾರೆ, ಲೇಔಟ್ ಬರುವುದು ನಾಲ್ಕನೇ ಅಧ್ಯಾಯದಲ್ಲಿ. ಅಷ್ಟರಲ್ಲಿ ಕೈಗೆ ಕೆಟ್ಟ ಅಭ್ಯಾಸ ಹಿಡಿದಿರುತ್ತದೆ. ಪಿಕ್ಸೆಲ್ ಲೆಕ್ಕದ ಫಾರ್ಮ್ ಬರೆದವರ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫಾಂಟ್ ಬದಲಾದರೆ ಸಾಕು, ಕೆಡುತ್ತದೆ. ಕನ್ನಡಕ್ಕಂತೂ ಇದು ಆಗಿಬರುವುದಿಲ್ಲ. ಇಂಗ್ಲಿಷ್ ಲೇಬಲ್‌ಗೆ 20 ಪಿಕ್ಸೆಲ್ ಎತ್ತರ ಸಾಕಾಗಬಹುದು, ಅದೇ ಜಾಗದಲ್ಲಿ ‘ಉದ್ಯೋಗ’, ‘ವಿಳಾಸ ಪುಷ್ಟೀಕರಣ’ ಎಂದು ಬರೆದರೆ ಒತ್ತಕ್ಷರಗಳ ತಳ ಕತ್ತರಿಸಿಹೋಗುತ್ತದೆ. ‘ಕ್ಯಾನ್ಸಲ್’ ಬಟನ್‌ಗೆ ಅಳೆದ ಅಗಲದಲ್ಲಿ ‘ರದ್ದುಮಾಡಿ’ ಹಿಡಿಸುವ ಖಾತ್ರಿಯಿಲ್ಲ. ಲೇಔಟ್ ಬಳಸಿದರೆ ವಿಜೆಟ್ ತನ್ನ ಪಠ್ಯಕ್ಕೆ ಬೇಕಾದಷ್ಟು ಜಾಗವನ್ನು ತಾನೇ ಕೇಳಿಕೊಳ್ಳುತ್ತದೆ. ವಿಲ್ಮನ್ ಪುಸ್ತಕ ಈಗಾಗಲೇ ಕೈಯಲ್ಲಿದ್ದರೆ ಮೊದಲ ಅಧ್ಯಾಯ ಮುಗಿಸಿ ನೇರ ನಾಲ್ಕಕ್ಕೆ ಹೋಗಿ, ಆಮೇಲೆ ಎರಡು ಮತ್ತು ಮೂರನೇ ಅಧ್ಯಾಯದ ಪ್ರಾಜೆಕ್ಟ್‌ಗಳನ್ನು ಲೇಔಟ್‌ನಲ್ಲಿ ಬರೆಯಿರಿ.

ಕ್ಯೂಮೇನ್‌ವಿಂಡೋಗೆ ಲೇಔಟನ್ನು ನೇರ ಹಾಕಲು ಹೋದರೆ ‘ಈಗಾಗಲೇ ಲೇಔಟ್ ಇದೆ’ ಎಂಬ ಎಚ್ಚರಿಕೆ ಬಂದು ವಿಂಡೋ ಖಾಲಿ ಕಾಣುತ್ತದೆ. ಒಂದು ಖಾಲಿ ಕ್ಯೂವಿಜೆಟ್ ಮಾಡಿ, ಲೇಔಟನ್ನು ಅದಕ್ಕೆ ಹಾಕಿ, ಅದನ್ನು ಸೆಟ್‌ಸೆಂಟ್ರಲ್‌ವಿಜೆಟ್‌ಗೆ ಕೊಡಬೇಕು.

ಇನ್ನು ಅಗ್ಗಕ್ಕೆ ಸಿಗುವ ಹಳೆಯ ಪುಸ್ತಕಗಳು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲೂ ಕಾಲೇಜು ಗ್ರಂಥಾಲಯಗಳಲ್ಲೂ ಕಂಪ್ಯೂಟರ್ ಪುಸ್ತಕಗಳ ರಾಶಿಯೇ ಇರುತ್ತದೆ. ಈ ವಿಷಯದಲ್ಲಿ ಹಳೆಯದು ಕೊಳ್ಳುವ ಮುಂಚೆ ಒಳಗಿನ ಕೋಡ್ ನೋಡಲೇಬೇಕು. ಪ್ರಿಂಟ್ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ, ಅಥವಾ ಇಂಪೋರ್ಟ್ ಸಾಲಿನಲ್ಲಿ ಟಿಕಿಂಟರ್‌ನ ಮೊದಲ ಅಕ್ಷರ ದೊಡ್ಡದಿದ್ದರೆ ಅದು ಪೈಥಾನ್ 2. ಅದಕ್ಕೆ 2020ರ ಜನವರಿ 1ಕ್ಕೇ ಬೆಂಬಲ ಮುಗಿಯಿತು. ಬಟನ್‌ಗಳನ್ನು ಕ್ಯೂಟಿಜಿಯುಐ ಮಾಡ್ಯೂಲ್‌ನಿಂದ ತರಿಸಿಕೊಂಡಿದ್ದರೆ ಕ್ಯೂಟಿ 4ರ ಕಾಲದ್ದು. ಸೆಲ್ಫ್.ಕನೆಕ್ಟ್ ಎಂದು ಬರೆದು ಸಿಗ್ನಲ್ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಕೊಟ್ಟಿದ್ದರೂ ಅದೇ ಕಾಲದ್ದು, ಪೈಕ್ಯೂಟಿ5ರಿಂದ ಆ ಬರವಣಿಗೆ ನಡೆಯುವುದೇ ಇಲ್ಲ. ಎಕ್ಸೆಕ್ ಹೆಸರಿನ ಬಾಲಕ್ಕೆ ಅಂಡರ್‌ಸ್ಕೋರ್ ಇದ್ದರೆ, ಕ್ಯೂಆ್ಯಕ್ಷನ್ ಅನ್ನು ಕ್ಯೂಟಿವಿಜೆಟ್ಸ್‌ನಿಂದ ತಂದಿದ್ದರೆ ಕ್ಯೂಟಿ 5. ಕ್ಯೂಟಿ 6 ಬಂದದ್ದು 2020ರ ಡಿಸೆಂಬರ್‌ನಲ್ಲಿ, ಆದ್ದರಿಂದ 2020ಕ್ಕೆ ಮುಂಚಿನ ಯಾವ ಮುದ್ರಣದಲ್ಲೂ ಅದು ಇರಲಾರದು.

ಕ್ಯೂಟಿ 5ರ ಪುಸ್ತಕವನ್ನು ತೀರ ತಳ್ಳಿಹಾಕಬೇಕಿಲ್ಲ. ತಿದ್ದುಪಡಿಗಳು ಕೆಲವೇ: ಎಕ್ಸೆಕ್‌ನ ಅಂಡರ್‌ಸ್ಕೋರ್ ತೆಗೆಯುವುದು, ಕ್ಯೂಆ್ಯಕ್ಷನ್ ಅನ್ನು ಕ್ಯೂಟಿಜಿಯುಐನಿಂದ ತರುವುದು, ಪೈಕ್ಯೂಟಿ6 ಬಳಸಿದರೆ ಕ್ಯೂಟಿ.ಅಲೈನ್‌ಸೆಂಟರ್ ಎಂಬಲ್ಲಿ ಕ್ಯೂಟಿ.ಅಲೈನ್‌ಮೆಂಟ್‌ಫ್ಲ್ಯಾಗ್.ಅಲೈನ್‌ಸೆಂಟರ್ ಎಂದು ಪೂರ್ಣ ಹೆಸರು ಬರೆಯುವುದು. ಕ್ಯೂಟಿ 4ರ ಪುಸ್ತಕವನ್ನು ಮಾತ್ರ ಹೊಸಬರು ಮುಟ್ಟಬಾರದು. ಮಾರ್ಕ್ ಸಮರ್‌ಫೀಲ್ಡ್ ಅವರ 2007ರ ‘ರ್‍ಯಾಪಿಡ್ ಜಿಯುಐ ಪ್ರೋಗ್ರಾಮಿಂಗ್ ವಿತ್ ಪೈಥಾನ್ ಅಂಡ್ ಕ್ಯೂಟಿ’ ಬರವಣಿಗೆಯ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು. ಮೂವತ್ತು ಸಾಲಿನಲ್ಲಿ ಲೆಕ್ಕಾಚಾರದ ವಿಂಡೋ, ಎಪ್ಪತ್ತು ಸಾಲಿನಲ್ಲಿ ಕರೆನ್ಸಿ ಪರಿವರ್ತಕ ಕಟ್ಟುತ್ತ ಹೋಗುವ ರೀತಿ ಇವತ್ತಿಗೂ ಮಾದರಿ. ಡೈಲಾಗ್‌ಗಳಲ್ಲಿ ಬಗೆಗಳೇನು, ಯಾವುದನ್ನು ಎಲ್ಲಿ ಬಳಸಬೇಕು ಎಂಬ ವಿವೇಚನೆ ಬೇರೆಡೆ ಸಿಗುವುದು ಕಷ್ಟ. ಆದರೆ ಅದು ಪೈಥಾನ್ 2.5 ಮತ್ತು ಪೈಕ್ಯೂಟಿ4ಕ್ಕೆ ಬರೆದದ್ದು. ಪ್ರತಿ ಉದಾಹರಣೆಯಲ್ಲೂ ಸಿಗ್ನಲ್ ಬರವಣಿಗೆ, ಯೂನಿಕೋಡ್ ಪರಿವರ್ತನೆ, ಇಂಪೋರ್ಟ್ ಮೂರನ್ನೂ ತಿದ್ದಬೇಕು. ಏನು ತಿದ್ದಬೇಕೆಂದು ತಿಳಿದವರಿಗೆ ಎರಡನೇ ಪುಸ್ತಕವಾಗಿ ಇದು ಬಲು ಲಾಭದ್ದು.

ವಿಂಡೋಸ್‌ಗೆ ಮಾತ್ರ ಬರೆಯುವ, ಸಿ ಶಾರ್ಪ್ ಬಲ್ಲವರಿಗೆ ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯೂಪಿಎಫ್ ಇವೆ. ಮ್ಯಾಥ್ಯೂ ಮ್ಯಾಕ್‌ಡೊನಾಲ್ಡ್ ಅವರ 2012ರ ‘ಪ್ರೊ ಡಬ್ಲ್ಯೂಪಿಎಫ್ 4.5’ ಹಳೆಯದಾದರೂ ಜ್ಯಾಮಲ್, ಬೈಂಡಿಂಗ್, ಲೇಔಟ್ ಭಾಗಗಳು ಇವತ್ತಿಗೂ ಹೊಂದುತ್ತವೆ, ಪ್ರಾಜೆಕ್ಟ್ ಫೈಲ್‌ನ ರೂಪ ಮಾತ್ರ ಬದಲಾಗಿದೆ. ಜಾವಾ ಪುಸ್ತಕದಲ್ಲಿ ಆ್ಯಪ್ಲೆಟ್‌ಗೆ (ಬ್ರೌಸರ್ ಒಳಗೆ ಓಡುತ್ತಿದ್ದ ಜಾವಾ ಪ್ರೋಗ್ರಾಂ) ಅಧ್ಯಾಯ ಇದ್ದರೆ ಪಕ್ಕಕ್ಕಿಡಿ. ಜಾವಾ 9ರಲ್ಲೇ ಅದನ್ನು ಕೈಬಿಡಲು ಗುರುತಿಸಿ ಆಗಿದೆ.

ಕನ್ನಡ ಪಠ್ಯದ ಮಾತು ಬಂದಾಗ ಟೂಲ್‌ಕಿಟ್‌ನ ಆಯ್ಕೆಯೇ ಬದಲಾಗುತ್ತದೆ ಎಂದದ್ದಕ್ಕೆ ಕಾರಣ ಹೀಗಿದೆ. ಒತ್ತಕ್ಷರ, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲು ಶೇಪಿಂಗ್ ಎಂಜಿನ್ ಬೇಕು. ಕ್ಯೂಟಿಯೊಳಗೆ ಹಾರ್ಫ್‌ಬಜ್ ಎಂಬ ಅಂಥ ಎಂಜಿನ್ ಇದೆ, ಜಿಟಿಕೆ ಎಂಬ ಇನ್ನೊಂದು ಟೂಲ್‌ಕಿಟ್‌ನಲ್ಲಿ ಪ್ಯಾಂಗೊ ಮೂಲಕ ಅದೇ ಇದೆ. ಲಿನಕ್ಸ್‌ನಲ್ಲಿ ಟಿಕೆ 8.6 ಎಕ್ಸ್‌ಎಫ್‌ಟಿ ಮೂಲಕ ಅಕ್ಷರ ಬಿಡಿಸುತ್ತದೆ, ಶೇಪಿಂಗ್ ಇಲ್ಲ. ಹಾಗಾಗಿ ಅಲ್ಲಿ ‘ಸ್ತ’ ಎಂಬುದು ಅರ್ಧಾಕ್ಷರದ ಚಿಹ್ನೆಯೊಂದಿಗೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಫಾಂಟ್ ಬದಲಿಸಿದರೂ ಸರಿಹೋಗದು, ಏಕೆಂದರೆ ತಪ್ಪು ಫಾಂಟ್‌ನದಲ್ಲ. ಯಾವ ಟಿಕಿಂಟರ್ ಪುಸ್ತಕವೂ ಈ ಮಾತು ಎತ್ತುವುದಿಲ್ಲ, ಅವುಗಳ ಉದಾಹರಣೆಗಳೆಲ್ಲ ಇಂಗ್ಲಿಷಿನವು.

ಕ್ಯೂಟಿಯಲ್ಲೂ ಒಂದು ಗುಂಡಿ ಇದೆ. ಕ್ಯೂಲೈನ್‌ಎಡಿಟ್‌ಗೆ ಸೆಟ್‌ಮ್ಯಾಕ್ಸ್‌ಲೆಂತ್ 10 ಎಂದು ಕೊಟ್ಟು ‘ಶ್ರೀರಂಗಪಟ್ಟಣ’ ಎಂದು ಅಂಟಿಸಿ. ಕಣ್ಣಿಗೆ ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಹನ್ನೆರಡು, ಏಕೆಂದರೆ ‘ಶ್ರೀ’ ಒಂದೇ ನಾಲ್ಕು: ಶ, ಹಲಂತ, ರ, ದೀರ್ಘದ ಗುಣಿತ. ಪರಿಣಾಮವಾಗಿ ಖಾನೆಯಲ್ಲಿ ‘ಶ್ರೀರಂಗಪಟ್’ ಎಂದು ಉಳಿಯುತ್ತದೆ, ಒತ್ತು ಹೋಗಿ ಹಲಂತ ನಿಂತಿರುತ್ತದೆ. ಪುಸ್ತಕಗಳಲ್ಲಿ ಹೆಸರಿಗೆ 20, ಊರಿಗೆ 15 ಎಂದು ಕೊಡುವ ಮಿತಿಗಳನ್ನು ಕನ್ನಡ ಫಾರ್ಮ್‌ಗೆ ನಕಲು ಮಾಡದೆ ಎರಡು ಮೂರು ಪಟ್ಟು ಹೆಚ್ಚಿಸಿ. ಸಿಎಸ್‌ವಿ ಉದಾಹರಣೆಗಳಲ್ಲಿ ಓಪನ್‌ಗೆ ಎನ್‌ಕೋಡಿಂಗ್ ಕೊಟ್ಟಿದೆಯೇ ನೋಡಿ. ಕೊಡದಿದ್ದರೆ ವಿಂಡೋಸ್‌ನಲ್ಲಿ ಮೊದಲ ಕನ್ನಡ ಅಕ್ಷರಕ್ಕೇ ಯೂನಿಕೋಡ್‌ಎನ್‌ಕೋಡ್‌ಎರರ್ ಬರುವುದು ಸಾಮಾನ್ಯ. ಯುಟಿಎಫ್-8 ಎಂದು ಕೊಟ್ಟರೆ ದೋಷ ಹೋಗುತ್ತದೆ. ಆ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವವರಿದ್ದರೆ ಯುಟಿಎಫ್-8-ಸಿಗ್ ಎಂದು ಕೊಡಿ, ಇಲ್ಲದಿದ್ದರೆ ಅಕ್ಷರಗಳು ಕಲಸುಮೇಲೋಗರವಾಗಿ ಕಾಣಬಹುದು.

ಓದುವಾಗ ಎಡವುವ ಕೆಲವು ಜಾಗಗಳನ್ನು ಮೊದಲೇ ತಿಳಿದಿದ್ದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಬಟನ್‌ಗೆ ಕಮಾಂಡ್ ಕೊಡುವಾಗ ಫಂಕ್ಷನ್ ಹೆಸರಿನ ಮುಂದೆ ಆವರಣ ಹಾಕಿದರೆ ವಿಂಡೋ ತೆರೆಯುವ ಮುಂಚೆಯೇ ಫಂಕ್ಷನ್ ಓಡಿ ಮುಗಿಯುತ್ತದೆ, ಬಟನ್ ಒತ್ತಿದರೆ ಏನೂ ಆಗದು. ಟಿಕಿಂಟರ್‌ನ ಫೋಟೊಇಮೇಜ್ ಅನ್ನು ಫಂಕ್ಷನ್ ಒಳಗಿನ ವೇರಿಯಬಲ್‌ನಲ್ಲಷ್ಟೇ ಇಟ್ಟರೆ ಚಿತ್ರದ ಜಾಗ ಖಾಲಿ ಕಾಣುತ್ತದೆ, ಸೆಲ್ಫ್ ಮೇಲೆ ಇಡಬೇಕು. ಒಂದೇ ಫ್ರೇಮ್‌ನಲ್ಲಿ ಪ್ಯಾಕ್ ಮತ್ತು ಗ್ರಿಡ್ ಬೆರೆಸಿದರೆ ಟಿಕೆ 8.6 ದೋಷ ಕೊಟ್ಟು ನಿಲ್ಲುತ್ತದೆ. ಲೂಪ್‌ನಲ್ಲಿ ಹತ್ತು ಬಟನ್ ಮಾಡಿ ಲ್ಯಾಂಬ್ಡಾ ಒಳಗೆ ಐ ಬಳಸಿದರೆ ಹತ್ತೂ ಬಟನ್ 9 ಎನ್ನುತ್ತವೆ. ಲ್ಯಾಂಬ್ಡಾ ಐ=ಐ ಎಂದು ಬರೆದರೆ ಟಿಕಿಂಟರ್‌ನಲ್ಲಿ ಸರಿಹೋಗುತ್ತದೆ. ಪೈಕ್ಯೂಟಿಯಲ್ಲಿ ಅಷ್ಟಕ್ಕೇ ನಿಂತರೆ ಎಲ್ಲ ಬಟನ್‌ಗಳಿಂದಲೂ ಫಾಲ್ಸ್ ಬರುತ್ತದೆ! ಕ್ಲಿಕ್ಡ್ ಸಿಗ್ನಲ್ ತನ್ನ ಚೆಕ್ಡ್ ಮೌಲ್ಯವನ್ನು ಮೊದಲ ಆರ್ಗ್ಯುಮೆಂಟ್ ಆಗಿ ಕಳಿಸುತ್ತದೆ, ಅದು ಐ ಜಾಗದಲ್ಲಿ ಕೂರುತ್ತದೆ. ಲ್ಯಾಂಬ್ಡಾ ಚೆಕ್ಡ್, ಐ=ಐ ಎಂದು ಎರಡೂ ಬರೆಯಬೇಕು.

ಕ್ಯೂಟಿ ಡಿಸೈನರ್‌ನಲ್ಲಿ ಎಳೆದು ಬಿಟ್ಟು ಫಾರ್ಮ್ ಮಾಡುವುದರಿಂದಲೇ ಶುರುವಾಗುವ ಪುಸ್ತಕಗಳೂ ಇವೆ. ನೋಡಲು ಆಕರ್ಷಕ, ಆದರೆ ಲೇಔಟನ್ನು ಕೈಯಾರೆ ಬರೆದು ಅರಗಿಸಿಕೊಳ್ಳುವ ಮುಂಚೆ ಇದು ಬೇಡ. ಡಿಸೈನರ್‌ನ ಫೈಲಿನಿಂದ ಹುಟ್ಟಿದ ಪೈಥಾನ್ ಕೋಡ್ ಒಳಗೇ ಹೊಸಬರು ತಮ್ಮ ಲಾಜಿಕ್ ಬರೆಯುತ್ತಾರೆ, ಫಾರ್ಮ್‌ನಲ್ಲಿ ಒಂದು ಬಟನ್ ಸರಿಸಿ ಮತ್ತೆ ಜನರೇಟ್ ಮಾಡಿದ ಕೂಡಲೇ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಜನರೇಟ್ ಆದ ಕ್ಲಾಸನ್ನು ಮುಟ್ಟದೆ, ಬೇರೆ ಫೈಲಿನಲ್ಲಿ ಅದನ್ನು ಇನ್ಹೆರಿಟ್ ಮಾಡಬೇಕು ಎಂದು ಎಚ್ಚರಿಸದ ಪುಸ್ತಕ ಬೇಡ.

ಪ್ಯಾಕೇಜಿಂಗ್ ಅಧ್ಯಾಯ ಇಲ್ಲದ ಪುಸ್ತಕ ಅರೆಬರೆ. ಬರೆದ ಅಪ್ಲಿಕೇಶನ್ನನ್ನು ಪೈಥಾನ್ ಇಲ್ಲದ ಕಂಪ್ಯೂಟರ್‌ನಲ್ಲಿ ಓಡಿಸಲು ಫಿಟ್ಜ್‌ಪ್ಯಾಟ್ರಿಕ್ ಪೈಇನ್‌ಸ್ಟಾಲರ್ ಬಳಸುತ್ತಾರೆ, ಮೂರ್ ಎರಡನೇ ಆವೃತ್ತಿಯಲ್ಲಿ ಸಿಎಕ್ಸ್‌ಫ್ರೀಜ್ ಬಳಸುತ್ತಾರೆ. ಲಿನಕ್ಸ್‌ನಲ್ಲಿ ಕೂತು ಪೈಇನ್‌ಸ್ಟಾಲರ್‌ನಿಂದ ವಿಂಡೋಸ್‌ನ ಎಕ್ಸ್‌ಇ ಮಾಡಲಾಗದು, ಅದನ್ನು ವಿಂಡೋಸ್‌ನಲ್ಲೇ ಮಾಡಬೇಕು. ಒನ್‌ಫೈಲ್ ಆಯ್ಕೆ ಕೊಟ್ಟರೆ ಪ್ರತಿ ಸಲ ತೆರೆದಾಗಲೂ ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಳ್ಳುವುದರಿಂದ ಶುರುವಾಗುವುದು ನಿಧಾನ, ಆ್ಯಂಟಿವೈರಸ್ ಅನುಮಾನಿಸುವುದೂ ಉಂಟು. ಫೋಲ್ಡರ್ ರೂಪದಲ್ಲೇ ಮಾಡಿ ಜಿಪ್ ಮಾಡಿ ಕೊಡುವುದು ಮೊದಲಿಗೆ ಸುಲಭ. ಐಕಾನ್‌ಗಳು ಕಾಣಿಸದಿದ್ದರೆ ಪಾತ್ ನೋಡಿ. ‘ಐಕಾನ್ಸ್’ ಫೋಲ್ಡರ್ ಎಂದಷ್ಟೇ ಬರೆದಿದ್ದರೆ ಅಪ್ಲಿಕೇಶನ್ ಎಲ್ಲಿಂದ ತೆರೆಯಿತೋ ಅಲ್ಲಿ ಹುಡುಕುತ್ತದೆ, ಸ್ಕ್ರಿಪ್ಟ್ ಇರುವ ಫೋಲ್ಡರಿನಿಂದ ಪಾತ್ ಕಟ್ಟಬೇಕು. ಫಿಟ್ಜ್‌ಪ್ಯಾಟ್ರಿಕ್ ಇದನ್ನು ಬಿಡಿಸಿ ಹೇಳುತ್ತಾರೆ.

ಎರಡೂ ಪುಸ್ತಕ ಕೊಳ್ಳಲು ಅನುಕೂಲವಿದ್ದವರು ಫಿಟ್ಜ್‌ಪ್ಯಾಟ್ರಿಕ್‌ನಲ್ಲಿ ಸಿಗ್ನಲ್, ಲೇಔಟ್, ಡೈಲಾಗ್, ಥ್ರೆಡ್ ಮುಗಿಸಿ, ಮೂರ್ ಅವರ ಡೇಟಾ ಎಂಟ್ರಿ ಫಾರ್ಮನ್ನು ಪೈಸೈಡ್‌ನಲ್ಲಿ ಕಟ್ಟಿ ನೋಡಲಿ. ಫೈಲ್ ಒಡೆಯುವ ಕ್ರಮ, ಮಾಡೆಲ್ ಕ್ಲಾಸ್, ಟೆಸ್ಟ್‌ಗಳು ಟಿಕಿಂಟರ್‌ಗೆ ಅಂಟಿಕೊಂಡವಲ್ಲ, ಬಹುಪಾಲು ಹಾಗೇ ಬರುತ್ತವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಸರ್ವರ್ ಹಾಕುವ ಗೋಜು ಬೇಡವೆಂದರೆ ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್3 ಸಾಕು. ಮೂರ್ ಕ್ವೆರಿಗಳಲ್ಲಿ ಶೇಕಡಾ ಚಿಹ್ನೆ ಮತ್ತು ಆವರಣದೊಳಗೆ ಹೆಸರು ಬರೆಯುವ ಕಡೆಯಲ್ಲೆಲ್ಲ ಕೋಲನ್ ಹಾಕಿ ಹೆಸರು ಬರೆಯಬೇಕು, ಮೌಲ್ಯಗಳ ಡಿಕ್ಷನರಿ ಹಾಗೇ ಇರಲಿ. ಪ್ರತಿ ಸಲ ಡೇಟಾ ಉಳಿಸಿದ ನಂತರ ಕಮಿಟ್ ಕರೆಯುವುದನ್ನು ಮರೆತರೆ ಅಪ್ಲಿಕೇಶನ್ ಮುಚ್ಚಿ ತೆರೆದಾಗ ಟೇಬಲ್ ಖಾಲಿ ಇರುತ್ತದೆ.